ಜ್ವರ ಇಳಿದ ದಿನ

ಔರಾದ ತಾಲೂಕಿನ ಹಳ್ಳಿಗಳಲ್ಲಿ ಮಾಣಿಕನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. "ರಕ್ತದವ ಬಂದ" ಎನ್ನುತ್ತಿದ್ದರು. ಮಲೇರಿಯಾ ಖಾತೆಯ ನೌಕರಿ ಅವನದು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೆ ಹೋಗಿ, "ಮನ್ಯಾಗ ಯಾರಿಗರೆ ಜ್ವರ ಬಂದಾವೇನ್ರಿ?" ಎಂದು ಕೇಳಬೇಕು. ಬಂದಿದ್ದರೆ ಎಡಗೈಯ ಉಂಗುರದ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಂಡು, ನಾಲ್ಕು ಕಹಿ ಗುಳಿಗೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ನಡೆಯಬೇಕು. ಗಾಜುಗಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬೀದರಕ್ಕೆ ಹೋಗುತ್ತಿದ್ದವು.

ಅವನು ಹುಟ್ಟಿದ್ದು ಚಿಂತಾಕಿಯಲ್ಲಿ, ಊರ ಹೊರಗಿನ ಓಣಿಯಲ್ಲಿ. ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಕೂಡಿದ ಚಳಿಗಾಲದಲ್ಲೇ ಅವನ ಓಣಿಯವರೆಲ್ಲ ಬೌದ್ಧರಾದರು. ಆಗ ಅವನಿಗೆ ಹತ್ತೊಂಬತ್ತು. ಓದಿದ್ದು ಮರಾಠಿಯಲ್ಲಿ, ಏಳನೆಯ ಇಯತ್ತೆವರೆಗೆ. ಕಚೇರಿಯ ಕಾಗದ ಓದುವಷ್ಟು ಉರ್ದು ಗೊತ್ತಿತ್ತು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಹೊಸ ಸರಕಾರದ ನೌಕರಿಗೆ ಕನ್ನಡ ಬರೆಯಲು ಬರಬೇಕು ಎಂದಾಗ ಅವನಿಗೆ ಅಕ್ಷರ ತಿದ್ದಿಸಿದವಳು ಹೆಂಡತಿ ಶಾಲುಬಾಯಿ. ಭಾಲ್ಕಿಯ ಹುಡುಗಿ, ಅಲ್ಲಿ ಕನ್ನಡ ಸಾಲಿಗೆ ನಾಲ್ಕು ವರ್ಷ ಹೋಗಿದ್ದಳು. ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಅದು ಳ ಅಲ್ರಿ, ಲ. ನನ್ನ ಹೆಸರಾದರೂ ನೆಟ್ಟಗ ಬರೀರಿ" ಎಂದು ನಗುತ್ತಿದ್ದಳು. ನೌಕರಿ ಸಿಕ್ಕಿ ಇಬ್ಬರೂ ಔರಾದಿನಲ್ಲಿ ಒಂದು ಕೋಣೆ ಹಿಡಿದರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಕೆಲವು ಮನೆಗಳಲ್ಲಿ ಅವನನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಒಳಗೆ ನಿಂತು ಬೆರಳನ್ನಷ್ಟೇ ಹೊರಗೆ ಚಾಚಿ ಮುಖ ಆಚೆ ತಿರುಗಿಸುತ್ತಿದ್ದರು. ಮಾಣಿಕ ಚುಚ್ಚಿ, ಹಚ್ಚಿ, ಗುಳಿಗೆಯನ್ನು ಕಟ್ಟೆಯ ಮೇಲಿಟ್ಟು ನಡೆಯುತ್ತಿದ್ದ.

ರಾಜ್ಯ ಕೂಡಿದ ಒಂಬತ್ತನೆಯ ವರ್ಷ, ಹೆಸರು-ಉದ್ದಿನ ರಾಶಿ ಮುಗಿದು ಜನ ಜೋಳದ ಬಿತ್ತಿಗೆಗೆ ಹೊಲ ಹರಗುತ್ತಿದ್ದಾಗ ಆ ಜ್ವರ ಬಂತು. ಮೊದಲು ಔರಾದ ಪೇಟೆಯಲ್ಲಿ ಮೂರು ಮನೆ, ಆಮೇಲೆ ಇಡೀ ಓಣಿ. ಹದಿನೈದು ದಿನದಲ್ಲಿ ಮಾಣಿಕ ಹೋದಲ್ಲೆಲ್ಲ ಯಾರಾದರೊಬ್ಬರು ಹಾಸಿಗೆ ಹಿಡಿದಿದ್ದರು. ಚಳಿ ಹತ್ತಿಸಿ, ಬೆವರಿಳಿಸಿ, ದಿನ ಬಿಟ್ಟು ದಿನ ಬರುವ ಮಲೇರಿಯಾ ಅವನಿಗೆ ಗೊತ್ತಿತ್ತು. ಇದು ಹಾಗಿರಲಿಲ್ಲ. ಮುಂಜಾನೆ ಎತ್ತು ಹೊಡೆದುಕೊಂಡು ಹೋದವನು ಮಧ್ಯಾಹ್ನ ಬಂಡಿಯಲ್ಲಿ ಮಲಗಿ ಬರುತ್ತಿದ್ದ. ಮೂವತ್ತರ ಹೆಂಗಸು ಗೋಡೆ ಹಿಡಿದು ಬಾಗಿ ನಡೆಯುತ್ತಿದ್ದಳು. ಎಲುಬು ಮುರಿಯೋ ಜ್ವರ ಎಂದು ಹೆಸರಿಟ್ಟರು. ಬಹಳ ಜನ ನರಳಿ ನರಳಿ ಎದ್ದರು. ಒಬ್ಬಿಬ್ಬರು ಸತ್ತರು. ಸತ್ತವರು ಅಶಕ್ತರಿದ್ದರು ಎಂದು ಊರು ಅಂದುಕೊಂಡಿತು. ಎದ್ದವರಿಗೆ ಬಂದದ್ದೂ ಸತ್ತವರಿಗೆ ಬಂದದ್ದೂ ಬೇರೆ ಬೇರೆ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ಮಾಣಿಕನಿಗೂ.

ಅವನು ದಿನಕ್ಕೆ ನಲವತ್ತು ಐವತ್ತು ಗಾಜು ತುಂಬಿಸಿ ಕಳಿಸಿದ. ಎಲ್ಲವೂ 'ಮಲೇರಿಯಾ ಇಲ್ಲ' ಎಂದು ತಿರುಗಿ ಬಂದವು. ಇಷ್ಟು ಜ್ವರದಲ್ಲಿ ಒಂದಾದರೂ ಸಿಗದಿದ್ದರೆ ಹೇಗೆ, ನೀನು ರಕ್ತ ಸರಿಯಾಗಿ ಹಚ್ಚುತ್ತಿಲ್ಲ ಎಂದು ಮೇಲಿನವರ ಚೀಟಿ ಬಂತು. ಮಾಣಿಕ ಆ ವಾರದ ಪೆಟ್ಟಿಗೆಯನ್ನು ತಾನೇ ಹೊತ್ತು ಬೀದರಕ್ಕೆ ಹೋದ.

ಅಲ್ಲಿ ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಗಾಜು ನೋಡುತ್ತಿದ್ದವಳು ಎಡಿತ. ಮೆಥಡಿಸ್ಟ್ ಕ್ರೈಸ್ತ ಮನೆತನದ ಹೆಂಗಸು, ಮಿಷನ್ ಸಾಲಿಯಲ್ಲಿ ಕಲಿತವಳು. ಮಾಣಿಕನಿಗಿಂತ ಹತ್ತು ವರ್ಷ ದೊಡ್ಡವಳು. ಅವನು ಚೀಟಿ ತೋರಿಸಿದ.

"ನೀವು ಹಚ್ಚಿದ್ದು ಬರಾಬರ್ ಅದ," ಎಂದಳು ಅವಳು. "ನನಗೂ ಅಂದಾರ, ನಿನ್ನ ಕಣ್ಣು ಮಂದ ಆಗ್ಯಾವ ಅಂತ. ಎರಡೆರಡು ಸಲ ನೋಡೀನಿ. ಮಲೇರಿಯಾ ಇಲ್ಲ."

"ಹಂಗಾದ್ರ ಮಂದಿಗಿ ಏನೂ ಇಲ್ಲಂತ ಹೇಳ್ಲೇನ್ರಿ ಬಾಯಿ?"

ಎಡಿತ ಕಣ್ಣೆತ್ತಿ ನೋಡಿದಳು. "ಏನೂ ಇಲ್ಲಂತ ನಾ ಎಲ್ಲಿ ಅಂದೆ? ಈ ಗಾಜಿನ್ಯಾಗ ಮಲೇರಿಯಾ ಇದ್ರ ಕಾಣ್ತದ. ಬ್ಯಾರೆ ಜ್ವರ ಇದ್ರ ಇದರಾಗ ಹ್ಯಾಂಗ ಕಾಣ್ಬೇಕು? ಅದು ಒಂದೇ ಅದನೋ, ಎರಡು ಕೂಡಿ ಬಂದಾವೋ, ನನಗ ತಿಳಿಯಲ್ದು. ನೀವು ಮನಿ ಮನಿ ತಿರಗೋರು. ನಿಮಗೇ ಮೊದ್ಲ ಕಾಣಬೇಕು."

ಈ ಮಾತನ್ನು ಮಾಣಿಕ ಬಸ್ಸಿನಲ್ಲಿ ಯೋಚಿಸುತ್ತ ಬಂದ. ಹೆಚ್ಚು ಯೋಚಿಸಲು ಆಗಲಿಲ್ಲ. ಮರುದಿನ ಮುಂಜಾನೆ ಎದ್ದು ಚೀಲ ಹೆಗಲಿಗೆ ಹಾಕಲು ಹೋದಾಗ ಮಣಿಕಟ್ಟಿನಲ್ಲಿ ಚಾಕು ತಿರುವಿದಂತಾಗಿ ಚೀಲ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೈ ಕಾದ ಹೆಂಚು. ಕೈಬೆರಳಿನ ಗಂಟು, ಮಣಿಕಟ್ಟು, ಕಾಲಿನ ಹರಡು ಎಲ್ಲ ಊದಿಕೊಂಡವು. ನೀರಿನ ಚರಿಗೆ ಹಿಡಿಯಲು ಆಗಲಿಲ್ಲ. ಮಗ್ಗುಲಾಗಬೇಕೆಂದರೆ ಶಾಲುಬಾಯಿ ಎರಡೂ ಕೈ ಹಾಕಿ ಹೊರಳಿಸಬೇಕು, ಅವನು ಚೀರಬೇಕು. ಓಣಿಗೆಲ್ಲ ಕೇಳುವಂತೆ ಚೀರಿದ. ಪಕ್ಕದ ಮನೆಯ ಅಕ್ತರಬೀ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಳು. ದಿನಕ್ಕೆ ಹತ್ತು ಜನ ಬಂದು ನೋಡಿ ಹೋದರು. ಶಾಲುಬಾಯಿ ಅಂಗಡಿಗೆ ಹೋಗಿ ನೋವಿನ ಎ.ಪಿ.ಸಿ. ಗುಳಿಗೆ ತಂದಳು. ನುಂಗಿದರೆ ಅರ್ಧ ದಿನ ತಡೆದುಕೊಳ್ಳಬಹುದಿತ್ತು.

ಮೂರನೆಯ ದಿನಕ್ಕೆ ಅವನ ಜ್ವರ ಇಳಿಯಿತು. ಕೀಲುಗಳು ಬಿಡಲಿಲ್ಲ. ಐದನೆಯ ದಿನ ಶಾಲುಬಾಯಿಯ ಮೈ ಸುಡತೊಡಗಿತು.

"ನಿಮ್ದೇ ನಂಗೂ ಹತ್ತಿತು ನೋಡ್ರಿ," ಎಂದಳು.

ಅವಳು ಚೀರಲಿಲ್ಲ. ಕಣ್ಣಿನ ಗುಡ್ಡೆಯ ಹಿಂದೆ ಯಾರೋ ಒತ್ತಿದಂತಾಗುತ್ತದೆ ಎಂದು ಹಣೆಗೆ ಒದ್ದೆ ಅರಿವೆ ಕಟ್ಟಿಕೊಂಡಳು. ಸೊಂಟ ಹಿಡಿದಿದೆ ಎಂದಳು. ಆದರೂ ಒಲೆ ಹೊತ್ತಿಸಿದಳು, ಹರವಿಯಿಂದ ನೀರು ತೋಡಿದಳು, ಅವನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿದಳು. ಅವಳ ಬೆರಳುಗಳು ಸರಾಗವಾಗಿ ಮಡಚುವುದನ್ನು ಮಾಣಿಕ ನೋಡುತ್ತಿದ್ದ. ಇವಳಿಗೆ ಹಗುರಾಗಿ ಬಂದಿದೆ ಎಂದು ಅವನಿಗೆ ಸಮಾಧಾನವಾಯಿತು. ತನ್ನ ಪುಡಿಕೆಯಲ್ಲಿ ಉಳಿದ ಗುಳಿಗೆಗಳನ್ನು ಅವಳಿಗೂ ಕೊಟ್ಟ. ಮುಂಜಾನೆ ಒಂದು, ಸಂಜೆ ಒಂದು. ಅವಳು ಬೇಡವೆಂದರೂ ಬಿಡಲಿಲ್ಲ. "ನಂಗ ಆರಾಮ ಆಗ್ಯಾದ ಇದರಿಂದ, ನಿಂಗ್ಯಾಕ ಆಗಲ್ಲ?" ಎಂದ.

ಅವಳ ಜ್ವರ ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಮಾಣಿಕ ಹೇಗೋ ತೆವಳಿ ಹೋಗಿ ಅವಳ ಹಣೆ ಮುಟ್ಟಿದ. ತಣ್ಣಗಿತ್ತು. ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆಗಲೇ ಬೀದಿಯಲ್ಲಿ ಭಾಲ್ಕಿಗೆ ಹೊರಟ ಪರಿಚಯದ ಕಂಡಕ್ಟರ್ ಕಾಣಿಸಿದ. ಶಾಲುಬಾಯಿಯ ತಾಯಿ ಭಾಗೀರಥಿಬಾಯಿಗೆ, ನಿಮ್ಮ ಮಗಳ ಜ್ವರ ಇಳಿಯಿತು, ಚಿಂತೆ ಬೇಡ ಎಂದು ಹೇಳಿಬಿಡಲು ಅವನಿಗೆ ಕೂಗಿ ತಿಳಿಸಿದ.

ಶಾಲುಬಾಯಿ ಎದ್ದು ಕೂತಳು. ಹೊಟ್ಟೆ ನೋಯುತ್ತದೆ ಎಂದಳು. ಎರಡು ಸಲ ವಾಂತಿಯಾಯಿತು. ಖಾಲಿ ಹೊಟ್ಟೆಗೆ ಗುಳಿಗೆ ನುಂಗಿದ್ದಕ್ಕೆ ಇರಬೇಕು ಎಂದು ಮಾಣಿಕ ಅಂಬಲಿ ಕುಡಿಯಲು ಹೇಳಿದ. ಕುಡಿಯಲಿಲ್ಲ. ಮಲಗಿದಲ್ಲಿ ಮಲಗಲಾರದೆ ಹೊರಳಾಡಿದಳು. ಅಕ್ತರಬೀ ಬಂದು ಅವಳ ಅಂಗೈ ಹಿಡಿದವಳು ಬೆಚ್ಚಿ ಬಿಟ್ಟಳು.

"ಮಾಣಿಕ ಭೈಯ್ಯಾ, ಇಕಿ ಕೈ ಯಾಕ ಹಿಂಗ ತಣ್ಣಗ ಆಗ್ಯಾವ?"

"ಜ್ವರ ಇಳದಾವಲ್ಲ ಆಪಾ."

"ಜ್ವರ ಇಳದ್ರ ಹಿಂಗ ಆಗ್ತದೇನು? ಕಾಲು ನೋಡು, ಬರಫ್ ಆಗ್ಯಾವ." ಅವಳು ಶಾಲುಬಾಯಿಯ ಬಾಯಿ ತೊಳೆಸಲು ನೀರು ಕೊಟ್ಟಳು. ಉಗಿದ ನೀರು ಕೆಂಪಗಿತ್ತು.

ಹನ್ನೊಂದರ ಬಸ್ಸಿಗೆ ಬೀದರಕ್ಕೆ ಹೊರಟರು. ಮಾಣಿಕನಿಗೆ ಅವಳನ್ನು ಎತ್ತಿಕೊಳ್ಳುವ ಕೈ ಇರಲಿಲ್ಲ. ಅಕ್ತರಬೀಯೂ ಡ್ರೈವರನೂ ಕೂಡಿ ಹತ್ತಿಸಿದರು. ಸಂತಪುರದವರೆಗೆ ಅವಳು ಮಾತನಾಡುತ್ತಿದ್ದಳು. ನೀರು ಕೇಳಿದಳು. ಹರವಿ ಮುಚ್ಚಿದೆನೋ ಇಲ್ಲವೋ ಎಂದು ಕೇಳಿದಳು. ಆಮೇಲೆ ಅವನ ಹೆಗಲಿಗೆ ತಲೆಯಿಟ್ಟು ಸುಮ್ಮನಾದಳು.

ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಯ ಹಿಂದಿನ ಗಲ್ಲಿಯಲ್ಲಿ ಡಾಕ್ಟರ್ ಮುಜೀಬೋದ್ದೀನರ ದವಾಖಾನೆ. ನಿಜಾಮರ ಕಾಲದಲ್ಲಿ ಸರಕಾರಿ ಡಾಕ್ಟರಾಗಿದ್ದ ಮುದುಕರು. ನಾಡಿ ಹಿಡಿದ ಕೂಡಲೇ ಅವರ ಮುಖ ಬದಲಾಯಿತು. ಸಲೈನು ಚುಚ್ಚಲು ನರ ಹುಡುಕುತ್ತಲೇ ಕೇಳಿದರು.

"ಜ್ವರ ಎಂದ ಇಳೀತು?"

"ಇವತ್ತ ಮುಂಜಾಲಿ ಸಾಬ. ಪೂರಾ ಇಳದಾದ."

"ಏನು ಗುಳಿಗಿ ಕೊಟ್ಟೀರಿ?"

ಮಾಣಿಕ ಹೇಳಿದ. ಡಾಕ್ಟರು ರಕ್ತದೊತ್ತಡ ನೋಡುವ ಪಟ್ಟಿಯನ್ನು ಅವಳ ತೋಳಿಗೆ ಕಟ್ಟಿ, ಗಾಳಿ ತುಂಬಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಪಟ್ಟಿ ಬಿಚ್ಚಿದಾಗ ಆ ಜಾಗದ ಕೆಳಗೆಲ್ಲ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕಿಗಳು ಎದ್ದಿದ್ದವು.

ಶಾಲುಬಾಯಿ ಮಧ್ಯಾಹ್ನ ಎರಡೂವರೆಗೆ ತೀರಿಕೊಂಡಳು. ಗಂಜಿನಲ್ಲಿ ಉದ್ದು ತುಂಬುವ ಹಮಾಲರ ಕೂಗು ಕೇಳಿಬರುತ್ತಿತ್ತು. ಅವಳಿಗೆ ಇಪ್ಪತ್ತಾರು ವರ್ಷ.

ಮಾಣಿಕ ಡಾಕ್ಟರ ಕಡೆ ತಿರುಗಿದ. "ನಂದೇ ಜ್ವರ ಸಾಬ. ನಾ ಉಳದೆ. ಅಕಿ ಯಾಕ ಹೋದ್ಳು?"

ಡಾಕ್ಟರು ಅವನ ತೋಳು ಎಳೆದುಕೊಂಡು ಅದೇ ಪಟ್ಟಿ ಕಟ್ಟಿದರು. ಅಷ್ಟೇ ಹೊತ್ತು ಬಿಗಿದು ಬಿಚ್ಚಿದರು. ತೋಳಿನ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

"ನಿಂದು ಬ್ಯಾರೆ, ಅಕಿದು ಬ್ಯಾರೆ," ಎಂದರು. "ಕಲಕತ್ತಾ, ಮದ್ರಾಸಿನ್ಯಾಗ ಎರಡೂ ಕೂಡೇ ಬಂದಾವ ಅಂತ ಓದೀನಿ. ಚಿಕುನ್‌ಗುನ್ಯಾ ಅಂತಾರ ಒಂದಕ್ಕ. ಅದು ಕೀಲಿಗಿ ಹತ್ತತದ. ಮನುಷ್ಯಾನ ಚೀರಿಸ್ತದ, ತಿಂಗಳಾನುಗಟ್ಟಲೆ ಲಂಗಡಾ ಮಾಡ್ತದ, ಕೊಲ್ಲೋದು ಭಾಳ ಕಮ್ಮಿ. ಇದು ಡೆಂಗಿ. ಕಣ್ಣಿನ ಹಿಂದ ನೋವು, ಮೈಕೈ ನೋವು, ಕೀಲು ಊದಲ್ಲ. ಜ್ವರ ಇದ್ದಾಗ ಅಲ್ಲಪ್ಪಾ, ಜ್ವರ ಇಳಿಯೋ ಹೊತ್ತಿಗಿ ಇದು ಹೊಡೀತದ. ಹೊಟ್ಟಿ ನೋವು, ವಾಂತಿ, ತಣ್ಣನ್ನ ಕೈಕಾಲು, ಒಸಡಿನ್ಯಾಗ ರಕ್ತ. ಅವಾಗ ಓಡಿ ಬರಬೇಕು."

"ನಾ ಕೊಟ್ಟ ಗುಳಿಗಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಆ ಗುಳಿಗ್ಯಾಗ ಆಸ್ಪಿರಿನ್ ಇರ್ತದ, ಅದು ರಕ್ತ ಹರಿಯೋದು ಹೆಚ್ಚ ಮಾಡ್ತದ. ಅದರಿಂದೇ ಆಯ್ತು ಅಂತ ನಾ ಹೇಳಲ್ಲ. ಕೊಡಬಾರದಿತ್ತು. ನಿನಗ ಹ್ಯಾಂಗ ಗೊತ್ತಾಗಬೇಕಿತ್ತು?"

ಮಣ್ಣು ಮಾಡಿದ ದಿನ ಭಾಗೀರಥಿಬಾಯಿ ಅಳಿಯನ ಮುಖ ನೋಡಲಿಲ್ಲ. ತನ್ನ ಬ್ಯಾನಿ ನನ್ನ ಮಗಳಿಗೆ ಕೊಟ್ಟು ತಾನು ಎದ್ದು ಕೂತ ಎಂದು ಬಂದವರ ಮುಂದೆ ಹೇಳಿ ಅತ್ತಳು. ಮಾಣಿಕ ಅಂಗಳದಲ್ಲಿ ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮರಣದ ದಾಖಲೆಯಲ್ಲಿ ಕಾರಣದ ಜಾಗದಲ್ಲಿ 'ಜ್ವರ' ಎಂದು ಬರೆದರು. ಆ ವರ್ಷ ತಾಲೂಕಿನಲ್ಲಿ ಸತ್ತವರಿಗೆಲ್ಲ ಅದೇ ಬರೆದಿದ್ದರು.

ಮೂರು ವಾರ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಅಕ್ತರಬೀ ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದ, ಇಲ್ಲದಿದ್ದರೆ ಇಲ್ಲ. ಒಂದು ದಿನ, ಎರಡೂ ಜ್ವರ ಮನೆಯ ನೀರಿನ ಸೊಳ್ಳೆಯಿಂದಲೇ ಬರುತ್ತವೆ ಎಂದು ಡಾಕ್ಟರು ಹೊರಡುವಾಗ ಹೇಳಿದ್ದು ನೆನಪಾಗಿ ಹರವಿಯ ಮುಚ್ಚಳ ತೆಗೆದು ಬಿಸಿಲಿಗೆ ಬಗ್ಗಿ ನೋಡಿದ. ತಳದ ನೀರಿನಲ್ಲಿ ಹುಳಗಳು ಕುಣಿಯುತ್ತಿದ್ದವು. ಐದು ವರ್ಷದಿಂದ ಊರ ಗಟಾರ, ಹಳ್ಳಗಳಿಗೆ ಔಷಧಿ ಹೊಡೆಸುತ್ತ ತಿರುಗಿದವನು ತನ್ನ ಮನೆಯ ಹರವಿಯಲ್ಲಿ ಇಣುಕಿರಲಿಲ್ಲ. ಹಗಲು ಕಡಿಯುವ ಬಿಳಿ ಪಟ್ಟೆಯ ಸೊಳ್ಳೆ ಮನೆಯ ನೀರಿನಲ್ಲೇ ಹುಟ್ಟುತ್ತದೆ ಎಂದು ಅವನಿಗೆ ಖಾತೆಯಲ್ಲಿ ಯಾರೂ ಕಲಿಸಿರಲಿಲ್ಲ. ಹರವಿಯನ್ನು ಉರುಳಿಸಲು ಹೋದ, ಮಣಿಕಟ್ಟು ತಡೆಯಲಿಲ್ಲ. ಮೊಣಕಾಲಿನಿಂದ ನೂಕಿ ಕೆಡವಿದ. ಅದು ಒಡೆಯಿತು. ಆ ಒದ್ದೆ ನೆಲದ ಮೇಲೆ ಕೂತು ಅವನು ಮೊದಲ ಸಲ ಅತ್ತ.

ನಡೆಯುವಷ್ಟು ಆದ ಮೇಲೆ ಭಾಲ್ಕಿಗೆ ಹೋದ. ಭಾಗೀರಥಿಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮಾಣಿಕ ನೆಲದ ಮೇಲೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಎರಡು ಜ್ವರ, ಎರಡು ತೋಳು, ಕೆಂಪು ಚುಕ್ಕಿ, ಹರವಿಯ ಹುಳ. ಆಮೇಲೆ ಗುಳಿಗೆಯ ಮಾತು. ಅದನ್ನೂ ಹೇಳಿದ.

ಮೊರ ನಿಂತಿತು. "ನಾಕ ದಿವ್ಸ ಮೊದ್ಲ ಒಯ್ದಿದ್ರ ಉಳೀತಿದ್ಳೇನು?"

"ಗೊತ್ತಿಲ್ರಿ ಅತ್ತಿ. ಉಳೀಬಹುದಿತ್ತು."

"ಜ್ವರ ಇಳದಾವ ಅಂತ ಆ ಬಸ್ಸಿನವನ ಕೈಲಿ ಹೇಳಿ ಕಳಿಸಿದ್ರಿ," ಎಂದಳು ಅವಳು ನಿಧಾನವಾಗಿ. "ನಾ ಅವತ್ತು ಓಣಿಗೆಲ್ಲ ಸಕ್ಕರಿ ಹಂಚಿದೆ. ಎರಡೂವರಿ ಅಂತೀರಲ್ಲ, ಅದೇ ಹೊತ್ತಿಗಿ ಹಂಚಲಿಕ್ಕ ಹತ್ತಿದ್ದೆ."

ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು.

"ಯಾಕ ಬಂದು ಹೇಳಿದ್ರಿ ಇದನ್ನ?"

"ನೀವು ನನಗ ಬೈತಿದ್ರಿ. ಬೈಯಬೇಕಾದದ್ದು ಯಾವುದಕ್ಕ ಅಂತ ನಿಮಗ ಗೊತ್ತಿರಲಿ ಅಂತ ಬಂದೆ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅವನು ಸಂಜೆಯ ಬಸ್ಸಿನ ತನಕ ಕಟ್ಟೆಯ ಮೇಲೆ ಕೂತಿದ್ದ. ಅವಳು ಹೊರಗೆ ಬರಲಿಲ್ಲ.

ಬೆರಳು ಪೂರ್ತಿ ಮಡಚುವ ಮೊದಲೇ ಕೆಲಸಕ್ಕೆ ಹತ್ತಿದ. ಸೂಜಿಯನ್ನು ಹೆಬ್ಬೆರಳು ಮತ್ತು ಅಂಗೈ ನಡುವೆ ಒತ್ತಿ ಹಿಡಿದು ಚುಚ್ಚುತ್ತಿದ್ದ. ಖಾತೆಯ ಫಾರ್ಮಿನಲ್ಲಿ ಇಲ್ಲದ ಪ್ರಶ್ನೆಗಳನ್ನು ಕೇಳತೊಡಗಿದ. ಮುಷ್ಟಿ ಕಟ್ಟಲು ಬರುತ್ತದೆಯೇ? ಕಣ್ಣಿನ ಹಿಂದೆ ನೋವೇ? ಜ್ವರ ಬಂದು ಎಷ್ಟು ದಿನ, ಇಳಿದದ್ದು ಯಾವಾಗ? ಕೀಲು ಊದಿ ಒದ್ದಾಡುವವರಿಗೆ, ಸಾಯಲ್ಲ, ತಡಕೊಳ್ಳಿ ಎನ್ನುತ್ತಿದ್ದ. ಮುಷ್ಟಿ ಸಲೀಸಾಗಿ ಕಟ್ಟುವವರ ಮನೆಗೆ ಮರುದಿನವೂ ಹೋಗುತ್ತಿದ್ದ. ಎಲ್ಲ ಸಲವೂ ಅಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಎರಡರ ಗುರುತೂ ಕೂಡಿರುವವರು ಸಿಗುತ್ತಿದ್ದರು. ಅಂಥವರಿಗೆ ಡೆಂಗಿ ಎಂದೇ ಹಿಡಿದು, ಯಾವ ನೋವಿನ ಗುಳಿಗೆಯನ್ನೂ ಮುಟ್ಟಬೇಡಿ ಎಂದು ಕೈಮುಗಿಯುತ್ತಿದ್ದ.

ದೀಪಾವಳಿಯ ಮುಂಚೆ ಚಿಂತಾಕಿಯಲ್ಲಿ ಕಾಶೀರಾಮ ಎಂಬ ದೊಡ್ಡ ರೈತನ ಮನೆ. ಮಾಣಿಕನನ್ನು ಎಂದೂ ಹೊಸ್ತಿಲು ದಾಟಗೊಡದ ಮನೆ ಅದು. ಸೊಸೆ ಶಿವಕಾಂತಾಳ ಜ್ವರ ಅಂದೇ ಇಳಿದಿತ್ತು, ಮನೆಯಲ್ಲಿ ಕಡುಬು ಬೇಯುತ್ತಿತ್ತು.

"ಹೊಟ್ಟಿ ನೋಯ್ತದೇನ್ರಿ ಅವರಿಗಿ? ವಾಂತಿ?"

"ಸೂಜಿ ಚುಚ್ಚಿ ಹೋಗಪ್ಪಾ," ಎಂದ ಕಾಶೀರಾಮ. "ವೈದ್ಯಕಿ ಮಾಡಲಿಕ್ಕ ನಿನಗ್ಯಾರು ಹೇಳ್ಯಾರ?"

ಒಳಗಿನಿಂದ ವಾಂತಿಯ ಸದ್ದು ಕೇಳಿತು. ಮಾಣಿಕ ಚೀಲ ಕೆಳಗಿಟ್ಟ. "ಗೌಡ್ರೇ, ನೀವೇ ಅವರ ಕೈ ಮುಟ್ಟಿ ನೋಡ್ರಿ. ತಣ್ಣಗ ಇದ್ರ ಬಂಡಿ ಹೂಡ್ರಿ. ನನ್ನ ಮನ್ಯಾಕಿ ಹಿಂಗೇ ಹೋದ್ಳು. ಜ್ವರ ಇಳೀತಂತ ನಾನೂ ಹಿಂಗೇ ಖುಷಿಯಾಗಿದ್ದೆ."

ಕಾಶೀರಾಮ ಅವನನ್ನು ದಿಟ್ಟಿಸಿ ಒಳಗೆ ಹೋದ. ಹೊರಗೆ ಬಂದು ಎತ್ತು ಬಿಚ್ಚಿ ಬಂಡಿಗೆ ಹೂಡಿದ. ಔರಾದಿನವರೆಗೆ ಬಂಡಿಯ ಹಿಂದಿನ ಅಂಚಿನಲ್ಲಿ ಕೂತು, ಉಪ್ಪು-ಸಕ್ಕರೆಯ ನೀರನ್ನು ಚಮಚದಿಂದ ಹೇಗೆ ಕುಡಿಸಬೇಕೆಂದು ಮಾಣಿಕ ಶಿವಕಾಂತಾಳ ಅತ್ತೆಗೆ ಹೇಳುತ್ತ ಹೋದ. ವಾಂತಿಯಾದರೂ ಮತ್ತೆ ಕುಡಿಸಿ ಎಂದ. ಅಲ್ಲಿಂದ ಬಸ್ಸು ಹಿಡಿದು ಬೀದರ ಮುಟ್ಟಿದರು. ಡಾಕ್ಟರು ಎರಡು ದಿನ ಸಲೈನು ಬಿಟ್ಟರು. ಶಿವಕಾಂತಾ ಉಳಿದಳು.

ನಾಲ್ಕು ದಿನದ ನಂತರ ಅದೇ ಮನೆಯ ಆರು ವರ್ಷದ ಮೊಮ್ಮಗಳಿಗೆ ಜ್ವರ ಬಂತು. ಮಾಣಿಕ ಆ ವಾರ ಬೇರೆ ಹಳ್ಳಿಗಳಲ್ಲಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಮಗುವನ್ನು ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದರು. ರಕ್ತ ವಾಂತಿ ಮಾಡಿತು, ಬಂಡಿ ಹೂಡುವಷ್ಟೂ ಪುರಸೊತ್ತು ಕೊಡಲಿಲ್ಲ ಎಂದ ಕಾಶೀರಾಮ. ಕಟ್ಟೆಯ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟ. ಮಾಣಿಕ ಕೂತ.

ಚಳಿ ಬಿದ್ದ ಮೇಲೆ ಜ್ವರ ತಾನಾಗಿಯೇ ಕಡಿಮೆಯಾಯಿತು. ವರ್ಷದ ವರದಿಯಲ್ಲಿ ಔರಾದಿನ ಮುಂದೆ 'ಜ್ವರ, ಮಲೇರಿಯಾ ಇಲ್ಲ' ಎಂದು ಬಂತು. ಫಾರ್ಮಿನಲ್ಲಿ ಕೀಲು ನೋವಿಗೊಂದು, ರಕ್ತಸ್ರಾವಕ್ಕೊಂದು ಅಂಕಣ ಹಾಕಿರೆಂದು ಮಾಣಿಕ ಅರ್ಜಿ ಬರೆದ. ಬೀದರದಲ್ಲಿ ಎಡಿತ ಅದನ್ನು ತಿದ್ದಿ, ಕೆಳಗೆ ತನ್ನ ಸಹಿಯನ್ನೂ ಹಾಕಿದಳು. ಉತ್ತರ ಬರಲಿಲ್ಲ.

ಮುಂದೆ ಅವನಿಗೆ ಭಾಲ್ಕಿಗೆ ವರ್ಗವಾಯಿತು. ಭಾಗೀರಥಿಬಾಯಿಯ ಓಣಿಯೂ ಅವನ ಸುತ್ತಿನಲ್ಲೇ ಬರುತ್ತಿತ್ತು. ಅವನು ಬಾಗಿಲಿಗೆ ಬಂದರೆ ಅವಳು ಮಾತಾಡುತ್ತಿರಲಿಲ್ಲ. ಹರವಿಯ ಮೇಲಿನ ಮುಚ್ಚಳ ತೆಗೆದು ತೋರಿಸಿ ಪಕ್ಕಕ್ಕೆ ನಿಲ್ಲುತ್ತಿದ್ದಳು. ಅವನು ಬಗ್ಗಿ ನೀರು ನೋಡಿ ಗೋಡೆಯ ಮೇಲೆ ತಾರೀಖು ಬರೆದು ಪಕ್ಕದ ಮನೆಗೆ ಹೋಗುತ್ತಿದ್ದ.